ಮಂಚದ ಕೆಳಗಿನ ರೈಲು

ಅಪ್ಪಾ,

ನಾನು ಹೊಲಿಗೆ ಶಾಲೆಗೆ ಪಾಠ ಹೇಳಲು ಹೊರಟೆ. ಅವ್ವ ಹೇಮಗುಡ್ಡಕ್ಕೆ ಹೋಗಿದ್ದಾಳೆ. ರೊಟ್ಟಿ ಬುಟ್ಟಿಯಲ್ಲಿದೆ.

ನಿನ್ನೆ ನೀನು ಮುನಿರಾಬಾದಿಗೆ ಹೋದ ಮೇಲೆ ಗಂಗಾವತಿಯವರು ಹೇಳದೆ ಕೇಳದೆ ನನ್ನನ್ನು ನೋಡಲು ಬಂದರು. ಅರವತ್ತರ ಗಂಡನ ಆಟಿಕೆಯೆಂದು ನಾಚಿ, ಅವ್ವ ನಿನ್ನ ತಗಡಿನ ರೈಲನ್ನು ಮಂಚದ ಕೆಳಗೆ ತಳ್ಳಿದಳು. ಹುಡುಗನ ತಂದೆ ವೆಂಕೋಬಪ್ಪನವರು ಅದನ್ನು ಕಂಡೇಬಿಟ್ಟರು. ಧೋತರ ಎತ್ತಿಕಟ್ಟಿ ನೆಲಕ್ಕೆ ಕುಳಿತು, ಹಳಿ ಜೋಡಿಸಿ, ಸೆಲ್ಲು ಮುಗಿಯುವವರೆಗೂ ಓಡಿಸಿದರು. ನನ್ನ ಹೆಸರು ಕೇಳುವುದನ್ನೇ ಮರೆತರು. ಹುಡುಗ ನನ್ನ ಕಡೆ ನೋಡಿ ನಕ್ಕ.

ಹೊಸ ಸೆಲ್ಲು ತಂದಿಡು. ಭಾನುವಾರ ವೆಂಕೋಬಪ್ಪನವರು ತಾವೇ ಮಾಡಿದ ಎರಡು ರೈಲು ಡಬ್ಬಿಗಳನ್ನೂ ತರುತ್ತಾರಂತೆ.

"ನಿಮ್ಮ ಮಗಗೂ ಈ ಹುಚ್ಚು ಐತೇನ್ರಿ?" ಎಂದು ಅವ್ವ ಹೆದರಿ ಕೇಳಿದಳು.

"ಈಗಿಲ್ಲ ತಂಗೀ. ವಯಸ್ಸಾಗ್ಲಿ, ತಾನ ಬರ್ತೈತಿ," ಎಂದರು.

ಅದನ್ನು ಕೇಳಿಯೂ ನಾನು ಒಪ್ಪಿದ್ದೇನೆ.

ಹಂಪವ್ವ