ಚೆಂಡಿಗೆ ಹತ್ತಿದ ಭಂಡಾರ

ವಿಜಾಪುರ ರಸ್ತೆ, ಸೋಲಾಪುರ
ತಾ. ೧೦ ಫೆಬ್ರುವರಿ ೧೯೩೬

ಶ್ರೀಮತ್ ಸಮಸ್ತ ಟಗರು-ಹೋತಗಳ ಸಾರ್ವಭೌಮ, ಬೋರಿ ನದೀತೀರ ಸಂಚಾರಿ, ಕುರನೂರು ಕರಿಕಂಬಳಿ ಪೀಠಾಧೀಶ್ವರ ಧೂಳಪ್ಪ ಮಹಾರಾಜರ ಪಾದಗಳಿಗೆ, ತಮ್ಮನಾದ ಕಾಮಣ್ಣನು ಉದ್ದಕ್ಕೆ ಅಡ್ಡಬಿದ್ದು ಮಾಡುವ ಬಿನ್ನಹ.

ಅಣ್ಣಾ, ಆರಾಮ ಇದ್ದೀಯಾ? ಅವ್ವನ ಕೆಮ್ಮು ಕಡಿಮೆಯಾಯಿತೇ? ಕುಂಟ ಕುರಿ ಈದಿತೇ? ನಾನು ಗಟ್ಟಿಯಾಗಿದ್ದೇನೆ, ರೊಟ್ಟಿಯನ್ನು ಮಾತ್ರ ನಾಯಿಗೆ ಹಾಕುತ್ತೇನೆ. ಕಾರಣ ಮುಂದೆ ಬರುತ್ತದೆ. ಈ ಪತ್ರವನ್ನು ಸಾಲಿ ಮಾಸ್ತರರಿಂದ ಓದಿಸಬೇಡ. ತಡವಾದರೂ ನೀನೇ ಅಕ್ಷರ ಕೂಡಿಸಿ ಓದು.

ಡಿಸೆಂಬರದಲ್ಲಿ ನಮ್ಮ ಗಾಲ್ಫ್ ಮೈದಾನಕ್ಕೆ ಆಡಲು ಬಂದಿದ್ದ ಅಮೇರಿಕದ ಎಲ್ಮರ್ ಟ್ರಾಸ್ಕ್ ಸಾಹೇಬರ ಸಂಪೂರ್ಣ ಚರಿತ್ರೆ ಸಿಕ್ಕಿದೆ, ಕೈಮುಗಿದು ಕೇಳು. ಕ್ಲಬ್ಬಿನ ಕಾರಕೂನ ಬಸಣ್ಣ ಇಂಗ್ಲಿಷ್ ಪತ್ರಿಕೆ ನೋಡಿ ಅರ್ಥ ಹೇಳಿದ. ಟ್ರಾಸ್ಕ್ ಮಹಾತ್ಮರು ಕಮ್ಮಾರನ ಮಗ. ಒಂಬತ್ತನೆಯ ವಯಸ್ಸಿಗೇ ನಮ್ಮ ಹಾಗೆ ದೊಡ್ಡವರ ಕೋಲಿನ ಚೀಲ ಹೊತ್ತವರು. ಆ ದೊಡ್ಡವರು ಎಸೆದ ಮುರುಕು ಕೋಲಿಗೆ ಹಿಡಿಕೆ ಕಟ್ಟಿಕೊಂಡು ಆಡಿ ಕಲಿತರು. ಮುಂದೆ ಆಟವೇ ಹೊಟ್ಟೆಪಾಡಾಯಿತು. ಆದರೆ ಹೊಟ್ಟೆಪಾಡಿಗೆ ಆಡುವವನಿಗೆ ಅಲ್ಲಿ ಕ್ಲಬ್ಬಿನ ಮುಂಬಾಗಿಲು ಇಲ್ಲವಂತೆ. ಬೆಳ್ಳಿಯ ಕಪ್ ಗೆದ್ದ ದಿನವೂ ಕುದುರೆ ಲಾಯದಲ್ಲಿ ಕೂತು ಬೂಟು ಬದಲಿಸಿದರಂತೆ. "ಇಂವಾ ನಮ್ಮಂವನ ಬಿಡೋ," ಎಂದ ಬಸಣ್ಣ. ಆಮೇಲೆ ಅವರ ದೇಶದ ಬ್ಯಾಂಕುಗಳು ಮುಳುಗಿದವು, ಪಂದ್ಯಗಳು ನಿಂತವು, ಮಹಾತ್ಮರು ದೇಶದೇಶ ತಿರುಗಿ ಹೊಡೆತ ತೋರಿಸಲು ಹೊರಟರು. ಹಾಗೆ ಸೋಲಾಪುರಕ್ಕೂ ಬಂದರು.

ಆ ದಿನ ನಾವಿಬ್ಬರೂ ಅವರ ಪಾಲಿಗಿದ್ದೆವು. ನಿನ್ನ ಹೆಗಲಿಗೆ ಚೀಲ. ನಾನು ಮುಂದೆ ಓಡಿ ಚೆಂಡು ಬಿದ್ದಲ್ಲಿ ಕೈ ಎತ್ತುವವನು. ಅವರೂ ಅವರ ಎದುರಾಳಿ, ನಮ್ಮ ಕ್ಲಬ್ಬಿನ ಯಜಮಾನ ಗಿರಣಿ ಸಾಹೇಬರೂ ಸಮಸಮ, ಉಳಿದದ್ದು ಕೊನೆಯ ಕುಳಿ. ಚೆಂಡಿನ ಮೇಲೆ ಅರಿಷಿಣದ ಭಂಡಾರ ಕಂಡು ಟ್ರಾಸ್ಕ್ ಸಾಹೇಬರು ನಿಂತುಬಿಟ್ಟರು. ತಮ್ಮ ಆಳು ಚೆಂಡು ಮುಟ್ಟಿದರೆ ತಮಗೇ ಒಂದು ಹೊಡೆತದ ದಂಡ. ಬೇರೆ ಯಾರೂ ಕಂಡಿರಲಿಲ್ಲ, ಸುಮ್ಮನೆ ಆಡಬಹುದಿತ್ತು. ತಾವೇ ಕೂಗಿ ಹೇಳಿ ದಂಡ ಹಾಕಿಸಿಕೊಂಡು, ಆ ಒಂದೇ ಹೊಡೆತದಿಂದ ಸೋತು, ನಗುತ್ತ ಹೋದರು. ಗಿರಣಿ ಸಾಹೇಬರು ಮಾತ್ರ ನಿನ್ನ ಸೊಂಟದ ಭಂಡಾರದ ಸಂಚಿ ನೋಡಿ ನಿನ್ನನ್ನು ಕೆಲಸದಿಂದ ತೆಗೆದರು. ಊರಲ್ಲಿ ಅವ್ವನೂ, ನಮ್ಮ ಕುಲದೇವರಾದ ಬೀರೋಬನ ಭಂಡಾರವನ್ನು ಕೋಲಿನಿಂದ ಹೊಡೆಸಿದವನೆಂದು, ನಿನಗೆ ದೇವರ ಭಂಡಾರದ ಬಟ್ಟಲು ಮುಟ್ಟಗೊಡುವುದಿಲ್ಲವಂತೆ. ಠೇಶನ್ನಿನ ಹಾದಿಯಲ್ಲಿ ನೀನು ಕೇಳಿದ್ದು ಒಂದೇ ಮಾತು: "ಕಾಮಾ, ನೀ ಮುಂದ ಇದ್ದಿ. ಯಾರರೆ ಮುಟ್ಟಿದ್ದು ನೋಡಿದೇನು?"

"ಇಲ್ಲೋ ಅಣ್ಣಾ," ಎಂದೆ.

ಮುಟ್ಟಿದವನು ನಾನು. ಬೆಳಿಗ್ಗೆ ನಿನ್ನ ಸಂಚಿಯಿಂದ ಒಂದು ಚಿಟಿಕೆ ಕದ್ದಿದ್ದೆ. ಅಮೇರಿಕದ ಚೆಂಡೂ ಬೀರೋಬನ ಭಕ್ತನಾಗಲಿ ಎಂದು ತಮಾಷೆಗೆ ಹಚ್ಚಿದೆ. ಅವರು ಗೆಲ್ಲಲಿ ಎಂಬ ಆಸೆಯೂ ಇತ್ತು, ಆಣೆ ಮಾಡಿ ಹೇಳುತ್ತೇನೆ. ಈಗ ನಿನ್ನ ಜಾಗದಲ್ಲಿ ಚೀಲ ಹೊರುವವನೂ ನಾನೇ. ಪತ್ರಿಕೆಯ ಕೊನೆಗೆ ಟ್ರಾಸ್ಕ್ ಸಾಹೇಬರು ಹೇಳಿದ್ದಾರೆ: ಸೋಲಾಪುರದಲ್ಲಿ ತಮ್ಮ ಚೀಲ ಹೊತ್ತವನು ಕಂಬಳಿಯ ಅಂಚು ನೋಡಿ ಗಾಳಿಯ ದಿಕ್ಕು ಹೇಳುತ್ತಿದ್ದ, ಅಂಥವನು ಯಾವ ದೇಶದಲ್ಲೂ ಸಿಗಲಿಲ್ಲ. ಬಸಣ್ಣ ಅದನ್ನು ಎರಡು ಸಲ ಓದಿದ. ನನಗೆ ಕೂಡಲಾಗಲಿಲ್ಲ, ಎದ್ದು ಹೋದೆ.

ನಿನ್ನೆ ಗಿರಣಿ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು, ಧೂಳಪ್ಪನನ್ನು ಕರೆಸು ಎಂದರು. ಶುಕ್ರವಾರದ ಗಾಡಿಗೆ ಬಾ. ಹೊರಡುವ ಮೊದಲು ಇದನ್ನು ಅವ್ವನಿಗೆ ಓದಿ ಹೇಳಿ, ಬಟ್ಟಲನ್ನು ನಿನ್ನ ಕೈಯಿಂದಲೇ ಎತ್ತು. ಅವಳ ಪಾದಕ್ಕೆ ನನ್ನ ಹಣೆ, ನನ್ನ ಬೆನ್ನಿಗೆ ನಿನ್ನ ಕೋಲು.

ನಿನ್ನ ತಪ್ಪುಗಾರ ತಮ್ಮ
ಕಾಮಣ್ಣ

ತಾ.ಕ.: ಈ ಕೊನೆಯ ಸಾಲುಗಳನ್ನು ಮಾತ್ರ ಅವ್ವನಿಗೆ ಓದಬೇಡ. ಸಾಹೇಬರಿಗೆ ನಾನಿನ್ನೂ ಹೇಳಿಲ್ಲ, ನಿನ್ನೆ ಬಂಗಲೆಯ ಗೇಟು ಮುಟ್ಟಿ ತಿರುಗಿ ಬಂದೆ. ಅದಕ್ಕೇ ಮೊದಲು ಪತ್ರವನ್ನು ಡಬ್ಬಿಗೆ ಹಾಕುತ್ತಿದ್ದೇನೆ. ನೀನು ಶುಕ್ರವಾರ ಬಂದೇ ಬರುತ್ತಿ. ಅಷ್ಟರೊಳಗೆ ಹೇಳದೆ ನನಗೆ ಗತಿಯಿಲ್ಲ.