ಹುಳದ ತಟ್ಟೆಗೆ ಹಾಸಿದ ಕೆಮಿಸ್ಟ್ರಿ

ಉದಯಾ,

ರೇಷ್ಮೆ ಹುಳದ ತಟ್ಟೆಗೆ ನೀನು ಹಾಸಿರುವುದು ರದ್ದಿ ಪೇಪರಲ್ಲ, ನನ್ನ ಆರ್ಗ್ಯಾನಿಕ್ ಕೆಮಿಸ್ಟ್ರಿ ನೋಟ್ಸ್. ಭಾನುವಾರ ನೀಟ್ ಪರೀಕ್ಷೆ ಅಂತ ಗೊತ್ತಿಲ್ಲವಾ? ನಿನ್ನೆ ಕೇಳಿದ್ದಕ್ಕೆ, "ಹೋದ್ ವರ್ಷ ಸೀಟ್ ಸಿಗ್ಲಿಲ್ವಲ್ಲಕ್ಕ, ಇನ್ ಬೇಡ್ವೇನೋ ಅನ್ಕೊಂಡೆ" ಅಂದೆ. ಮೈಯೆಲ್ಲ ಉರಿದುಹೋಯಿತು ಕಣೋ.

ಕೋಲಾರಕ್ಕೆ ಕೋಚಿಂಗಿಗೆ ಹೊರಟಿದ್ದೇನೆ. ಹುಳಕ್ಕೆ ಸೊಪ್ಪು ಹಾಕಿದ್ದೇನೆ, ಪಾಪ ಅವೇನು ಮಾಡಿವೆ. ಮಧ್ಯಾಹ್ನ ತಟ್ಟೆ ಬದಲಾಯಿಸುವಾಗ ಒಂದೊಂದೇ ಹಾಳೆ ಬಿಡಿಸಿ, ಒರೆಸಿ, ಬಿಸಿಲಿಗೆ ಹಾಕು. ಆಲ್ಡಿಹೈಡ್ ಹಾಳೆ ಹರಿದರೆ ನಿನ್ನ ಜೊತೆ ಮಾತಿಲ್ಲ. ಮುದ್ದೆ ಮುಚ್ಚಿಟ್ಟಿದ್ದೇನೆ, ತಿನ್ನು.

ಹಾಳೆ ತೆಗೆದುಕೊಟ್ಟಿದ್ದು ಅಮ್ಮನಾ ಅಂತ ನಾನು ಕೇಳಲ್ಲ. ನೀನೂ ಹೇಳಬೇಡ. ಅವಳೂ ನಿನ್ನ ಹಾಗೇ ನನಗೆ ಸೀಟ್ ಸಿಗಲ್ಲ ಅಂದುಕೊಂಡಿದ್ದರೆ, ಭಾನುವಾರದವರೆಗೆ ನನಗೆ ಗೊತ್ತಾಗೋದು ಬೇಡ.

ಅರ್ಪಿತ