ಗಣಪತಿ ಫ್ಲಾಪಿ

ರಾಣೆಬೆನ್ನೂರು
9 ಫೆಬ್ರುವರಿ 2005

ಪ್ರೀತಿಯ ಯಜಮಾನರ ಪಾದಗಳಿಗೆ (ಬೂಟು ಕಳಚಿಟ್ಟ ಪಾದಗಳಿಗೆ ಮಾತ್ರ) ಸುರೇಖಾ ಮಾಡುವ ನಮಸ್ಕಾರಗಳು.

ಆರೋಗ್ಯವೇ? ಕೊಲ್ಹಾಪುರದ ನೀರು ಒಗ್ಗಿತೇ? ಬ್ಯಾಡಗಿ ಮೆಣಸಿನಕಾಯಿ ಚೀಲಗಳ ನಡುವೆ ಮಲಗುವವರು ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ. ಸಾಹುಕಾರರ ಮಾಲು ಮಾರಿ ಮುಗಿಯಲೆಂದು ಸೀನು ತಡೆದಿಟ್ಟುಕೊಳ್ಳಬೇಡಿ. ಅತ್ತೆಯವರು ಗಟ್ಟಿಯಾಗಿದ್ದಾರೆ, ಅವರು ರೊಟ್ಟಿ ಬಡಿಯುವ ಸದ್ದು ಹಲಗೇರಿಯವರೆಗೆ ಕೇಳುತ್ತದೆ. ನಾನೂ ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂಬುದು ಮುಂದೆ ತಿಳಿಯುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ. ಪತ್ರದಲ್ಲಿ ಆ ಸೌಕರ್ಯ ನಿಮಗಿಲ್ಲ.

ವಿಷಯ ನನ್ನ ಕಂಪ್ಯೂಟರಿನದು. ಅಪ್ಪ ನನಗೆಂದು ಕೊಡಿಸಿದ್ದು, ದಿನಾ ಮಧ್ಯಾಹ್ನ ನಾಲ್ಕು ಹೆಣ್ಣುಮಕ್ಕಳು ಕನ್ನಡ ಟೈಪಿಂಗ್ ಕಲಿಯುವಂಥದ್ದು, ನೀವು 'ಡಬ್ಬಿ' ಎಂದು ಕರೆಯುವಂಥದ್ದು. ಊರಿಗೆ ಹೊರಡುವ ಹಿಂದಿನ ದಿನ ನೀವು ಅದರ ಮುಂದೆ ಕುಳಿತು, ಜಾಗ ಖಾಲಿ ಮಾಡುತ್ತೇನೆಂದು, ಪರಿಚಯವಿಲ್ಲದ ಹೆಸರಿನ ಫೈಲುಗಳನ್ನೆಲ್ಲ ಅಳಿಸಿದಿರಿ. "ಇವರ್ಯಾರೂ ನಮ್ಮ ಮಂದಿ ಅಲ್ಲ, ಯಾಕ ಇರಬೇಕು?" ಎಂದಿರಿ. ಮರುದಿನ ಯಂತ್ರ ಏಳಲಿಲ್ಲ. ಕಪ್ಪು ಪರದೆ, ಒಂದು ಸಾಲು ಇಂಗ್ಲಿಷು, ಅಷ್ಟೇ. ಆಗ ಅಪರಾಧಿಯೇ ನ್ಯಾಯಾಧೀಶನಾಗಿ ತೀರ್ಪು ಕೊಟ್ಟದ್ದಾಯಿತು: "ಹಳೇದಾತು. ಬೂಟ್ ಆಗದ ಸಾಮಾನು ಮನ್ಯಾಗ ಯಾಕ? ಗುಜರಿ ಮಲ್ಲೇಶಪ್ಪಗ ಹೇಳೇನಿ, ಸೋಮಾರ ಬಂದು ಒಯ್ತಾನ." ಆ ಮೂಲೆಗೆ ಸೋಫಾ ಬರುತ್ತದಂತೆ. ಸೋಫಾದ ಮೇಲೆ ಟೈಪಿಂಗ್ ಕಲಿಸುವ ವಿದ್ಯೆಯನ್ನು ಮಾತ್ರ ನೀವು ಹೇಳಿಹೋಗಲಿಲ್ಲ.

ಯಂತ್ರದ ಜೊತೆ ಬಂದ ವಿಂಡೋಸ್ ಸಿ.ಡಿ. ಪೆಟ್ಟಿಗೆಯಲ್ಲೇ ಇತ್ತು. ಆದರೆ ಇಷ್ಟು ಹಳೆಯ ಯಂತ್ರ ಸಿ.ಡಿ. ಕಂಡ ಮಾತ್ರಕ್ಕೆ ಏಳುವುದಿಲ್ಲ. ಮೊದಲು ಬೂಟ್ ಫ್ಲಾಪಿ ಹಾಕಿ ಎಬ್ಬಿಸಬೇಕು, ಆಮೇಲೆ ಸಿ.ಡಿ. ತೋರಿಸಬೇಕು. ನಿಮ್ಮ ಹಾಗೆಯೇ: ಮೊದಲು ಚಹಾ, ಆಮೇಲೆ ಸಂಸಾರದ ವಿಷಯ. ಆ ಫ್ಲಾಪಿಯನ್ನು ಸರಿಯಿರುವ ಬೇರೊಂದು ಕಂಪ್ಯೂಟರಿನಲ್ಲಿ ತಯಾರಿಸಬೇಕು. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಖತೀಜಾಬಿಯನ್ನು ಕೇಳಿದೆ. "ಮಾಡ್ಕೋ ಬಾ ಬೇಟಿ. ನಮ್ಮ ಮನ್ಯಾವ್ರೂ ಹಿಂಗ ನನ್ನ ಹೊಲಿಗಿ ಮಷೀನ್ ಸುಧಾರಿಸಿದ್ರು. ಇವತ್ತಿಗೂ ಅದರ ಮ್ಯಾಲ ಬಿಂದಗಿ ಇಡ್ತೇನಿ" ಎಂದರು.

ನಮ್ಮ ಮನೆಯಲ್ಲಿ ಮೆಣಸಿನಕಾಯಿ ಧೂಳು ಸೇರದ ಜಾಗ ದೇವರ ಜಗಲಿ ಒಂದೇ. ಅವರಲ್ಲಿ ಮಾಡಿಕೊಂಡು ತಂದ ಫ್ಲಾಪಿಯನ್ನು ಅಲ್ಲಿಟ್ಟು, "ಅತ್ತೀ, ಇದು ಬೂಟ್ ಫ್ಲಾಪಿ, ಜ್ವಾಕಿ" ಎಂದು ಹೇಳಿ ನೀರಿಗೆ ಹೋದೆ. ಬಂದು ನೋಡಿದರೆ ಅದು ಬಾಗಿಲ ಹೊರಗೆ, ಬಿಸಿಲಿನಲ್ಲಿ, ನಿಮ್ಮ ಹಳೆಯ ಬೂಟಿನೊಳಗೆ ತುರುಕಿಸಿಕೊಂಡು ಬಾಗಿ ಕುಳಿತಿದೆ! "ಬೂಟಿಂದು ಬೂಟಿನ್ಯಾಗ ಇರಬೇಕು. ದೇವರ ಮುಂದ ಇಡ್ತೀಯಲ್ಲ, ಓದಿದಾಕಿ ನೀನು!" ಎಂದು ನನಗೇ ಬೈಗುಳ. ಯಂತ್ರಕ್ಕೆ ಹಾಕಿದರೆ ಗರಗರ ಎಂದಿತು, ಓದಲಿಲ್ಲ.

ಸೋಮವಾರ ಬೆಳಿಗ್ಗೆ ಮತ್ತೆ ಹೋಗಿ ಇನ್ನೊಂದು ಮಾಡಿಕೊಂಡು ಬಂದೆ. ಈ ಸಲ ನಾಮಕರಣ ನನ್ನದು. "ಅತ್ತೀ, ಇದು ಗಣಪತಿ ಫ್ಲಾಪಿ. ಇದನ್ನ ಮೊದಲ ಕುಂದ್ರಸದಿದ್ರ ಯಾವ ಕೆಲಸಾನೂ ಸುರು ಆಗಂಗಿಲ್ಲ." "ಹಂಗಂತ ಮದ್ಲ ಹೇಳಬಾರದೇನ ಹುಚ್ಚಿ!" ಎಂದವರೇ ಕೈಕಾಲು ತೊಳೆದು ಬಂದರು, ಡಬ್ಬಿಯ ಹಣೆಗೆ ಕುಂಕುಮ ಇಟ್ಟರು, ತಮ್ಮ ಕೈಯಾರೆ ಫ್ಲಾಪಿ ಒಳಗೆ ತಳ್ಳಿದರು. ಯಂತ್ರ ಎದ್ದಿತು. ಸಿ.ಡಿ. ಹಾಕಿದೆ. ಪರದೆಯ ಮೇಲೆ ನೀಲಿ ಪಟ್ಟಿ ತೆವಳುತ್ತಿದ್ದರೆ ಅತ್ತೆಯವರು ಪಕ್ಕದಲ್ಲಿ ಕುಳಿತು, ಹೆರಿಗೆ ಕೋಣೆಯ ಹೊರಗೆ ನಿಂತವರು ಕೇಳುವಂತೆ, "ಎಲ್ಲೀಮಟ ಬಂತು?" ಎಂದು ಕೇಳುತ್ತಲೇ ಇದ್ದರು.

ಅಷ್ಟರಲ್ಲಿ ಮಲ್ಲೇಶಪ್ಪನ ತಳ್ಳುಗಾಡಿ ಬಂತು. ನಾನು ಏಳುವ ಮೊದಲೇ ಅತ್ತೆಯವರು ಹೊಸ್ತಿಲಲ್ಲಿ ನಿಂತಿದ್ದರು. "ನನ್ನ ಸೊಸಿ ಮಷೀನಿನ್ಯಾಗ ಗಣಪ್ಪ ಕುಂತಾನ. ಮುಟ್ಟೀಗಿಟ್ಟೀ!" ಅವನು "ಮನಿ ಯಜಮಾನ್ರು ಹೇಳ್ಯಾರಲ್ರೀ ಯಮ್ಮಾ" ಎಂದ. "ಆ ಯಜಮಾನನ್ನ ಹಡದಾಕಿ ನಾನ!" ಎಂದರು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಈ ಪತ್ರ ಅದೇ ಡಬ್ಬಿಯಲ್ಲಿ ಟೈಪಾಗಿದೆ. ಒತ್ತಕ್ಷರ ಒಂದೂ ಉದುರಿಲ್ಲ, ಎಣಿಸಿಕೊಳ್ಳಿ. ಡಬ್ಬಿ ಆ ಮೂಲೆಯಲ್ಲೇ ಇರುತ್ತದೆ, ನಾಲ್ವರೂ ಬರುತ್ತಾರೆ, ಮುಂದಿನ ವಾರದಿಂದ ಐದನೆಯವಳಾಗಿ ಖತೀಜಾಬಿಯ ಸೊಸೆ ಮುಮ್ತಾಜಬಿಯೂ ಬರುತ್ತಾಳೆ. ಸೋಫಾ ತರುವುದಾದರೆ ಧಾರಾಳವಾಗಿ ತನ್ನಿ. ಬಾಗಿಲ ಹೊರಗೆ, ಬೂಟುಗಳ ಪಕ್ಕ ಜಾಗವಿದೆ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಜೊತೆಗೆ ಹೇಳಿದ ಇನ್ನೊಂದು ಮಾತನ್ನು ಟೈಪು ಮಾಡಲಾಗದು.

ಹಟಮಾರಿಯಾದರೂ ನಿಮ್ಮವಳೇ,
ಸುರೇಖಾ

ತಾ.ಕ.: ಅವಸರದಲ್ಲಿ ಮುಖ್ಯ ಮಾತೇ ಬಿಟ್ಟುಹೋಯಿತು. ಮಲ್ಲೇಶಪ್ಪನನ್ನು ಬರಿಗೈಲಿ ಕಳಿಸಿದರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲವಲ್ಲ? ಬೂಟ್ ಆಗದ ಸಾಮಾನು ಮನೆಯಲ್ಲಿರಬಾರದೆಂದು ನೀವೇ ಅಂದಿರಿ. ಹಿತ್ತಲಲ್ಲಿದ್ದ ನಿಮ್ಮ ಮೊಪೆಡ್ಡನ್ನು ನಾನು ಒದ್ದು ನೋಡಿದೆ, ಏಳಲಿಲ್ಲ. ಅತ್ತೆಯವರು ಗಣಪತಿಯನ್ನು ನೆನೆದು ಒದ್ದರು, ಆಗಲೂ ಏಳಲಿಲ್ಲ. ಒಯ್ದ. ನೀವು ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವಾಗ ಬೂಟು ಉಪಯೋಗಕ್ಕೆ ಬರುತ್ತದೆ.